ಧನಾಶ್ರೀ ತಿಲ್ಲಾನದ ದೊರೆ: ಸ್ವಾತಿ ತಿರುನಾಳ್ ಮಹಾರಾಜರ ಬದುಕು

ಶಾಲಾ ಕಲೋತ್ಸವದ ಭರತನಾಟ್ಯ ಸ್ಪರ್ಧೆಯಲ್ಲಿ ಮಕ್ಕಳು ತಿಲ್ಲಾನಕ್ಕೆ ಹೆಜ್ಜೆಯಿಡುವುದನ್ನು ನಮ್ಮಲ್ಲಿ ಅನೇಕ ಹೆತ್ತವರು ನೋಡಿದ್ದಾರೆ. ಒಮ್ಮೆ ನಮ್ಮ ಕನ್ನಡ ಮಾಧ್ಯಮದ ಹುಡುಗಿಯೊಬ್ಬಳು ವೇದಿಕೆಯ ಮೇಲಿದ್ದಾಗ, ನನ್ನ ಪಕ್ಕದಲ್ಲಿ ಕುಳಿತಿದ್ದ ಆಕೆಯ ತಾಯಿ ಮೆಲ್ಲನೆ, ಮಗಳು ಕುಣಿಯುತ್ತಿರುವ ಹಾಡು ಮಲಯಾಳವೋ ತಮಿಳೋ ಎಂದು ವಿಚಾರಿಸಿದರು. ಹೆಚ್ಚಿನ ಭಾಗ ಎರಡೂ ಅಲ್ಲ, ಯಾವ ಭಾಷೆಯೂ ಅಲ್ಲ ಎಂದು ನಾನು ತಿಳಿಸಿದಾಗ ಅವರು ನಂಬಲಿಲ್ಲ. ಆ ಹಾಡು ಧನಾಶ್ರೀ ರಾಗದ ತಿಲ್ಲಾನ. ಅದನ್ನು ರಚಿಸಿದವರು ತಿರುವಾಂಕೂರಿನ ಅರಸರಾಗಿದ್ದ ಸ್ವಾತಿ ತಿರುನಾಳ್ ರಾಮವರ್ಮ ಮಹಾರಾಜರು. ಕೇರಳದ ಶಾಲೆಯಲ್ಲಿ ಕಲಿಯುವ ನಮ್ಮ ಮಕ್ಕಳಿಗೆ ಈ ಹೆಸರು ಇತಿಹಾಸದ ಪಾಠದಲ್ಲಿ ಒಂದೆರಡು ವಾಕ್ಯಗಳಲ್ಲಿ ಬಂದು ಹೋಗುತ್ತದೆ. ಆ ತಾಯಿಗೆ ಅಂದು ಪೂರ್ತಿಯಾಗಿ ಹೇಳಲಾಗದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಲ್ಲಾನವೆಂದರೇನು ಎಂಬುದನ್ನು ತಿಳಿಯೋಣ. ಯಕ್ಷಗಾನದ ನಾಡಿನಲ್ಲಿ ಹುಟ್ಟಿದವರಿಗೆ ಇದು ಕಷ್ಟವಲ್ಲ. ನಾಟ್ಯ ಕಲಿಸುವ ಗುರುಗಳು ಬಾಯಿತಾಳ ಹೇಳಿಕೊಡುವುದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಮದ್ದಳೆಯ ನುಡಿಯನ್ನು ಬೆರಳಿಗಿಂತ ಮೊದಲು ನಾಲಗೆ ಕಲಿಯುತ್ತದೆ. ಹೆಜ್ಜೆಯ ಲೆಕ್ಕವನ್ನು ಕಾಲಿಗಿಂತ ಮೊದಲು ಕಿವಿ ಹಿಡಿಯುತ್ತದೆ. ಕರ್ನಾಟಕ ಸಂಗೀತದಲ್ಲಿ ಇಂತಹ ಮೃದಂಗದ ನುಡಿಗಳನ್ನು ರಾಗವಿಲ್ಲದೆ ಲಯಕ್ಕಾಗಿಯೇ ನುಡಿಯುವುದು ಕೊನ್ನಕೋಲು. ನರ್ತನದಲ್ಲಿ ನಟುವಾಂಗ ಹಿಡಿದವರು ನುಡಿಯುವುದು ಜತಿ, ಸೊಲ್ಲುಕಟ್ಟು. ಇದೇ ಅಕ್ಷರಗಳನ್ನು ರಾಗದಲ್ಲಿ ಅದ್ದಿ, ಪಲ್ಲವಿ ಅನುಪಲ್ಲವಿ ಚರಣಗಳ ಕಟ್ಟಿನಲ್ಲಿ ಕೂರಿಸಿ, ಕೊನೆಗೆ ಒಂದೆರಡು ಸಾಲು ಅರ್ಥವುಳ್ಳ ಸಾಹಿತ್ಯವನ್ನು ಸೇರಿಸಿದರೆ ತಿಲ್ಲಾನವಾಗುತ್ತದೆ. ಉತ್ತರದ ಹಿಂದೂಸ್ಥಾನಿ ಸಂಗೀತದಲ್ಲಿ ತರಾನಾ ಎಂಬುದು ಇದರ ಹತ್ತಿರದ ಬಂಧು. ಕಚೇರಿಯ ಕೊನೆಯಲ್ಲಿ, ನೃತ್ಯ ಕಾರ್ಯಕ್ರಮದ ಕೊನೆಯಲ್ಲಿ ತಿಲ್ಲಾನಕ್ಕೆ ಸ್ಥಾನ. ಅದುವರೆಗಿನ ಭಾವ, ಅಭಿನಯ, ಕಥೆ ಎಲ್ಲವೂ ಮುಗಿದ ಮೇಲೆ ಉಳಿಯುವುದು ಶುದ್ಧ ಚಲನೆ ಮಾತ್ರ.

ಇಂತಹ ರಚನೆ ಒಬ್ಬ ಅರಸನ ಕೈಯಿಂದ ಏಕೆ ಬಂತು ಎಂಬುದಕ್ಕೆ ಅವರ ಹುಟ್ಟಿನಿಂದಲೇ ತೊಡಗಬೇಕು.

1813ರ ಏಪ್ರಿಲ್ 16ರಂದು ತಿರುವಾಂಕೂರಿನ ರಾಣಿ ಗೌರಿ ಲಕ್ಷ್ಮೀಬಾಯಿ ಹಾಗೂ ಚಂಗನಾಶ್ಶೇರಿಯ ರಾಜರಾಜವರ್ಮ ಕೋಯಿತಂಬುರಾನರಿಗೆ ಈ ಮಗು ಜನಿಸಿತು. ಸ್ವಾತಿ ನಕ್ಷತ್ರದಲ್ಲಿ ಹುಟ್ಟಿದುದರಿಂದ ಸ್ವಾತಿ ತಿರುನಾಳ್ ಎಂಬ ಹೆಸರು. ತಿರುವಾಂಕೂರಿನ ರಾಜಮನೆತನದಲ್ಲಿ ನಮ್ಮ ತುಳುನಾಡಿನ ಅಳಿಯ ಸಂತಾನವನ್ನು ಹೋಲುವ ಮರುಮಕ್ಕತ್ತಾಯ ಪದ್ಧತಿಯಿತ್ತು. ಗಂಡು ಸಂತಾನವಿಲ್ಲದೆ ರಾಣಿಯೇ ಆಳುತ್ತಿದ್ದ ಕಾಲವದು. ಆದ್ದರಿಂದ ಮಗು ಹುಟ್ಟುವ ಮೊದಲೇ ಅದರ ಪಾಲಿಗೆ ಸಿಂಹಾಸನ ನಿಶ್ಚಯವಾಗಿತ್ತು. ಗರ್ಭಶ್ರೀಮಾನ್ ಎಂದು ಜನ ಕರೆದರು. ಇರಯಿಮ್ಮನ್ ತಂಬಿ ಎಂಬ ಆಸ್ಥಾನಕವಿ ಈ ಮಗುವಿಗಾಗಿ ಕಟ್ಟಿದ ಜೋಗುಳವನ್ನು ಇಂದಿಗೂ ಮಲಯಾಳದ ತಾಯಂದಿರು ಹಾಡುತ್ತಾರೆ. ನಮ್ಮ ನೆರೆಮನೆಗಳಲ್ಲಿ ನೀವೂ ಕೇಳಿರಬಹುದು.

ಶ್ರೀಮಂತಿಕೆ ಹೆಸರಿಗೆ ಮಾತ್ರ. ಹಸುಗೂಸನ್ನು ತಾಯಿ ತುಂಬಿದ ದರ್ಬಾರಿಗೆ ತಂದು, ಈಸ್ಟ್ ಇಂಡಿಯಾ ಕಂಪೆನಿಯ ರೆಸಿಡೆಂಟರಾಗಿದ್ದ ಕರ್ನಲ್ ಮನ್ರೋ ಅವರ ಮುಂದೆ ಹಿಡಿದು, ಈ ಮಗುವಿನ ರಕ್ಷಣೆ ಇನ್ನು ಕಂಪೆನಿಯ ಹೊಣೆ ಎಂದು ಒಪ್ಪಿಸಿದರು. ತಾಯಿಯೊಬ್ಬಳು ತನ್ನ ಮಗುವನ್ನು ಪರದೇಶದ ವ್ಯಾಪಾರಿಗಳ ಪ್ರತಿನಿಧಿಗೆ ಒಪ್ಪಿಸಬೇಕಾಗಿ ಬಂದ ಆ ಗಳಿಗೆಯೇ ಈ ಬದುಕಿನ ಮುಂದಿನ ದಾರಿಯನ್ನು ಬರೆದಿಟ್ಟಿತು ಎಂದು ನನಗೆ ಅನ್ನಿಸುತ್ತದೆ. ಎರಡು ವರ್ಷ ಕಳೆಯುವುದರೊಳಗೆ, 1815ರಲ್ಲಿ, ತಾಯಿ ತೀರಿಕೊಂಡರು. ಚಿಕ್ಕಮ್ಮ ಗೌರಿ ಪಾರ್ವತೀಬಾಯಿ ರಾಜಪ್ರತಿನಿಧಿಯಾಗಿ ರಾಜ್ಯವನ್ನೂ ಮಕ್ಕಳನ್ನೂ ನೋಡಿಕೊಂಡರು. ಪ್ರಜೆಗಳ ವಿದ್ಯಾಭ್ಯಾಸದ ಖರ್ಚನ್ನು ಸರಕಾರವೇ ಭರಿಸಬೇಕೆಂದು 1817ರಲ್ಲಿ ಆಜ್ಞೆ ಹೊರಡಿಸಿದವರು ಈಕೆಯೇ. ಶಿಕ್ಷಕನಾದ ನಾನು ಈ ಒಂದು ಕಾರಣಕ್ಕೆ ಆಕೆಯ ಹೆಸರನ್ನು ತರಗತಿಯಲ್ಲಿ ಎರಡು ಬಾರಿ ಹೇಳಿಸುತ್ತೇನೆ.

ಬಾಲಕನ ಓದು ಅಸಾಧಾರಣವಾಗಿತ್ತು. ಸಂಸ್ಕೃತ ಪಂಡಿತರಾಗಿದ್ದ ತಂದೆಯೇ ಮೊದಲ ಗುರುಗಳಲ್ಲಿ ಒಬ್ಬರು. ತಂಜಾವೂರಿನಿಂದ ಬಂದ ಸುಬ್ಬರಾಯರು ಇಂಗ್ಲಿಷ್ ಕಲಿಸಿದರು. ಸಂಗೀತದ ರುಚಿಯನ್ನೂ ಹತ್ತಿಸಿದರು. ಮಲಯಾಳ, ಸಂಸ್ಕೃತ, ಮರಾಠಿ, ತೆಲುಗು, ಹಿಂದೂಸ್ಥಾನಿ, ಪಾರಸಿ ಭಾಷೆಗಳು ಒಂದರ ಹಿಂದೆ ಒಂದಾಗಿ ಬಂದವು. 1825ರಲ್ಲಿ ಅರಮನೆಗೆ ಭೇಟಿಯಿತ್ತ ಕರ್ನಲ್ ವೆಲ್ಷ್ ಎಂಬ ಸೇನಾಧಿಕಾರಿ, ಹನ್ನೆರಡರ ಹರೆಯದ ಹುಡುಗ ಯೂಕ್ಲಿಡನ ರೇಖಾಗಣಿತದ ಪ್ರಮೇಯವೊಂದನ್ನು ಬಿಡಿಸಿ ತೋರಿಸಿದುದನ್ನೂ, ಗಣಿತದ ಇಂಗ್ಲಿಷ್ ಪದಗಳ ಮೂಲದ ಬಗ್ಗೆ ಮಾತನಾಡಿದುದನ್ನೂ ಬೆರಗಿನಿಂದ ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ.

ಎರಡನೆಯ ಭಾಷೆ ಕಲಿತರೆ ಮೊದಲನೆಯದು ಹೋಗುತ್ತದೆಯೆಂಬ ಭಯ, ಮೊದಲನೆಯದರಲ್ಲೇ ಉಳಿದರೆ ಮಗು ಹಿಂದೆ ಬೀಳುತ್ತದೆಯೆಂಬ ಭಯ, ಇವೆರಡರ ನಡುವೆ ತೊಳಲುವ ಹೆತ್ತವರು ನನ್ನ ಬಳಿಗೆ ಪ್ರತಿ ಜೂನ್ ತಿಂಗಳಲ್ಲಿ ಬರುತ್ತಾರೆ. ಅವರಿಗೆ ಈ ಅರಸುಮಗನ ಉದಾಹರಣೆ ಪೂರ್ಣವಾಗಿ ಒಪ್ಪುವುದಿಲ್ಲ. ಅರಮನೆಯ ಹುಡುಗನಿಗೆ ಇದ್ದ ಅನುಕೂಲ ನಮ್ಮ ಮಕ್ಕಳಿಗೆ ಎಲ್ಲಿಂದ ಬರಬೇಕು? ಆದರೂ ಅಷ್ಟು ಭಾಷೆಗಳು ಒಂದೇ ತಲೆಯಲ್ಲಿ ಒಂದನ್ನೊಂದು ನೂಕದೆ ಇದ್ದವೆಂಬುದು ನಿಜ. ಮುಂದೆ ಅವರು ಸಂಸ್ಕೃತದಲ್ಲಿ ಅತಿ ಹೆಚ್ಚಾಗಿ, ಬಳಿಕ ಮಲಯಾಳ, ತೆಲುಗು, ಹಿಂದೂಸ್ಥಾನಿಗಳಲ್ಲಿ ರಚನೆಗಳನ್ನು ಮಾಡಿದರು. ಅವರ ಹೆಸರಿನಲ್ಲಿರುವ ರಚನೆಗಳ ಪಟ್ಟಿಯಲ್ಲಿ ಕನ್ನಡವೂ ಉಂಟು. ತಿರುವನಂತಪುರದ ಅರಮನೆಯಲ್ಲಿ ನಮ್ಮ ನುಡಿಗೆ ಸಿಕ್ಕಿದ ಆ ಸಣ್ಣ ಮಣೆಯನ್ನು ನಾವು ಮರೆಯಬಾರದು.

1829ರಲ್ಲಿ ಹದಿನಾರರ ತರುಣ ಅಧಿಕಾರ ವಹಿಸಿಕೊಂಡರು. ಕಲಿಸಿದ ಸುಬ್ಬರಾಯರೇ ಮರುವರ್ಷ ದಿವಾನರಾದರು. ಕೊಲ್ಲಂನಲ್ಲಿದ್ದ ಹುಜೂರು ಕಚೇರಿಯನ್ನು ರಾಜಧಾನಿಗೆ ತಂದು ಆಡಳಿತವನ್ನು ಕಣ್ಣಳತೆಯಲ್ಲಿ ಇರಿಸಿಕೊಂಡರು. ನ್ಯಾಯಾಲಯಗಳ ವ್ಯವಸ್ಥೆ ತಿದ್ದಿದರು, 1836ರಲ್ಲಿ ಜನಗಣತಿ ಮಾಡಿಸಿದರು, 1837ರಲ್ಲಿ ಖಗೋಲ ವೀಕ್ಷಣಾಲಯ ಕಟ್ಟಿಸಿದರು. ತಪ್ಪಿತಸ್ಥನೋ ಅಲ್ಲವೋ ಎಂದು ತಿಳಿಯಲು ಶುಚೀಂದ್ರದ ದೇವಾಲಯದಲ್ಲಿ ಕುದಿಯುವ ತುಪ್ಪಕ್ಕೆ ಕೈ ಅದ್ದಿಸುತ್ತಿದ್ದ ಕ್ರೂರ ಪರೀಕ್ಷೆ ಅವರ ಕಾಲದಲ್ಲಿ ನಿಂತಿತು. 1834ರಲ್ಲಿ ಆರಂಭವಾದ ಇಂಗ್ಲಿಷ್ ಶಾಲೆ ಅವರ ಆಶ್ರಯದಲ್ಲಿ ಬೆಳೆದು ಮುಂದೆ ತಿರುವನಂತಪುರದ ಯೂನಿವರ್ಸಿಟಿ ಕಾಲೇಜಾಯಿತು. ದೇಸೀ ನುಡಿಗಳ ಶಾಲೆಗಳಿಗೆ ಮುಂದೊಂದು ದಿನ ಇಂಗ್ಲಿಷ್ ಶಾಲೆಯೇ ಎದುರಾಳಿಯಾಗಿ ನಿಲ್ಲುವುದೆಂದು ಅಂದು ಯಾರು ತಾನೆ ಎಣಿಸಿದ್ದರು!

ಆದರೆ ಅವರನ್ನು ಇಂದು ಉಳಿಸಿರುವುದು ಕಚೇರಿಯ ಕಡತಗಳಲ್ಲ, ಆಸ್ಥಾನದ ಸಂಗೀತ. ಆ ಕಾಲದ ತಂಜಾವೂರಿನ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. 1799ರಲ್ಲಿಯೇ ಅಲ್ಲಿನ ಮರಾಠ ಅರಸರ ಆಡಳಿತ ಕಂಪೆನಿಯ ಕೈಸೇರಿತ್ತು. ಕಲೆಗಳ ದೊಡ್ಡ ಪೋಷಕರಾಗಿದ್ದ ಎರಡನೆಯ ಸರಫೋಜಿ 1832ರಲ್ಲಿ ತೀರಿಕೊಂಡರು. ವಿದ್ವಾಂಸರು ಹೊಸ ಆಸರೆ ಹುಡುಕಿ ದಿಕ್ಕುದಿಕ್ಕಿಗೆ ಹೊರಟರು. ಹಾಗೆ ಹೊರಟವರಲ್ಲಿ ಪ್ರಮುಖರು ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು ಎಂಬ ನಾಲ್ವರು ಸಹೋದರರು. ನಟುವನಾರರ ಮನೆತನದವರು, ಮುತ್ತುಸ್ವಾಮಿ ದೀಕ್ಷಿತರ ಶಿಷ್ಯರು. ಇಂದು ನಮ್ಮ ಮಕ್ಕಳು ಅಲರಿಪ್ಪು, ಜತಿಸ್ವರ, ಶಬ್ದ, ವರ್ಣ, ಪದ, ತಿಲ್ಲಾನ ಎಂಬ ಕ್ರಮದಲ್ಲಿ ಭರತನಾಟ್ಯ ಕಲಿಯುತ್ತಾರಲ್ಲ, ಆ ಕ್ರಮವನ್ನು ಗಟ್ಟಿಗೊಳಿಸಿದವರು ಇವರೇ. ತಿಲ್ಲಾನವನ್ನು ಕೊನೆಯ ಮೆಟ್ಟಿಲಾಗಿ ನಿಲ್ಲಿಸಿದ ಕೀರ್ತಿಯೂ ಇವರಿಗೆ ಸಲ್ಲುತ್ತದೆ. ಹಿರಿಯ ಚಿನ್ನಯ್ಯ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನವನ್ನು ಸೇರಿದರು. ಕಿರಿಯ ವಡಿವೇಲು ತಿರುವನಂತಪುರದಲ್ಲಿ ನೆಲೆನಿಂತರು. ಒಂದೇ ಮನೆಯ ಲಯ ಹೀಗೆ ಕನ್ನಡ ನಾಡಿಗೂ ಮಲಯಾಳ ನಾಡಿಗೂ ಹಂಚಿಹೋಯಿತು.

ಸ್ವಾತಿ ತಿರುನಾಳರಿಗೂ ವಡಿವೇಲುವಿಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿರಲಿಲ್ಲ. ಯುರೋಪಿನಿಂದ ಬಂದ ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೊದಲಿಗರಲ್ಲಿ ವಡಿವೇಲು ಒಬ್ಬರು; ಅದಕ್ಕೆ ಮೆಚ್ಚಿ 1834ರಲ್ಲಿ ಅರಸರು ಆನೆದಂತದ ಪಿಟೀಲೊಂದನ್ನು ಉಡುಗೊರೆಯಾಗಿ ಕೊಟ್ಟರು. ಮೋಹಿನಿಯಾಟ್ಟಕ್ಕೆ ಹೊಸ ಕಳೆ ಬಂದುದು, ಅದಕ್ಕೆ ಬೇಕಾದ ಪದಗಳೂ ವರ್ಣಗಳೂ ಸಿದ್ಧವಾದುದು ಈ ಒಡನಾಟದಲ್ಲಿಯೇ. ಆಸ್ಥಾನದಲ್ಲಿ ಇನ್ನೂ ಅನೇಕರಿದ್ದರು. ತ್ಯಾಗರಾಜರ ಶಿಷ್ಯ ಕನ್ನಯ್ಯ ಭಾಗವತರು, ಪಾಲಕ್ಕಾಡಿನ ಪರಮೇಶ್ವರ ಭಾಗವತರು, ಮರಾಠಿ ಹರಿಕಥೆಯ ಮೇರುಸ್ವಾಮಿ. ಅವರಲ್ಲಿ ನನಗೆ ಬಹಳ ಹಿಡಿಸುವವರು ಷಟ್ಕಾಲ ಗೋವಿಂದ ಮಾರಾರರು. ಸಾಮಾನ್ಯ ಗಾಯಕರು ಮೂರು ಕಾಲಗಳಲ್ಲಿ ಹಾಡಿದರೆ ಮಾರಾರರು ಪಲ್ಲವಿಯನ್ನು ಆರು ಕಾಲಗಳಲ್ಲಿ ಹಾಡುತ್ತಿದ್ದರಂತೆ. ಒಂದು ಕಾಲದಿಂದ ಮುಂದಿನದಕ್ಕೆ ವೇಗ ಇಮ್ಮಡಿಸುತ್ತದೆ. ಒಂದನೆಯದರಿಂದ ಆರನೆಯದಕ್ಕೆ ಹೋಗುವಾಗ ಮೂವತ್ತೆರಡು ಪಟ್ಟು. ಗಣಿತದ ತರಗತಿಯಲ್ಲಿ ಘಾತಾಂಕ ಕಲಿಸುವಾಗ ನಾನು ಇದನ್ನು ಮಕ್ಕಳಿಂದ ಕೈತಟ್ಟಿಸಿ ನೋಡಿದ್ದೇನೆ. ನಾಲ್ಕನೆಯ ಕಾಲಕ್ಕೆ ಇಡೀ ತರಗತಿ ನಗುವಿನಲ್ಲಿ ಮುಳುಗುತ್ತದೆ.

ಹಿಂದೂಸ್ಥಾನಿ ಗಾಯಕರೂ ಈ ಆಸ್ಥಾನಕ್ಕೆ ಬರುತ್ತಿದ್ದರು. ಅರಸರು ಧ್ರುಪದ, ಖಯಾಲ್, ಟಪ್ಪಾಗಳನ್ನು ಕೇಳಿ ಬಿಡಲಿಲ್ಲ. ತಾವೇ ಅಂತಹ ರಚನೆಗಳನ್ನು ಮಾಡಿದರು. ಧನಾಶ್ರೀ ತಿಲ್ಲಾನ ಈ ಎರಡು ಹೊಳೆಗಳು ಸೇರುವ ಅಳಿವೆಬಾಗಿಲು. ರಾಗ ಉತ್ತರದ್ದು, ಕುಣಿತದ ಜತಿ ದಕ್ಷಿಣದ್ದು. ಉಳಿದ ಅನೇಕ ತಿಲ್ಲಾನಗಳಿಗಿಂತ ಇದರಲ್ಲಿ ಮಾತಿನ ಪಾಲು ತುಸು ಹೆಚ್ಚು. ಆ ಮಾತು ಕೃಷ್ಣನ ಸುಂದರ ನರ್ತನವನ್ನು ಹಿಂದೂಸ್ಥಾನಿಯಲ್ಲಿ ಬಣ್ಣಿಸುತ್ತ, ಗೆಜ್ಜೆಯ ಸದ್ದಿನ ಅಕ್ಷರಗಳೊಳಗೆ ಕರಗಿಹೋಗುತ್ತದೆ. ಎಲ್ಲಿ ಮಾತು ನಿಂತಿತು, ಎಲ್ಲಿ ಜತಿ ತೊಡಗಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಕೊನೆಯಲ್ಲಿ ಪದ್ಮನಾಭನ ಹೆಸರು. ಕುಲದೈವದ ಈ ಹೆಸರು, ಅದರ ಪರ್ಯಾಯಗಳಾದ ಸರಸಿಜನಾಭ, ಪಂಕಜನಾಭ, ಜಲಜನಾಭಗಳು ಅವರ ಎಲ್ಲ ರಚನೆಗಳ ಅಂಕಿತ. ವೇದಿಕೆಯ ಮೇಲೆ ನಮ್ಮ ಹುಡುಗಿ ಕುಣಿದಾಗ ಆಕೆಯ ತಾಯಿಗೆ ಭಾಷೆ ಗುರುತಿಸಲಾಗದೆ ಹೋದುದರಲ್ಲಿ ಆಶ್ಚರ್ಯವೇನೂ ಇಲ್ಲ. ಉಚ್ಚಾರಣೆ ಕೇಳಿ ನೀನು ಯಾವ ಊರಿನವಳು ಎಂದು ನಮ್ಮ ಮಕ್ಕಳನ್ನು ಕೇಳುವ ತೀರ್ಪುಗಾರರು ಪದ್ಯ ಹೇಳುವ ಸ್ಪರ್ಧೆಯಲ್ಲಿ ಸಿಗುತ್ತಾರೆ. ಜತಿಯ ಅಕ್ಷರಗಳಿಗೆ ಮಾತ್ರ ಅಂತಹ ಊರಿನ ಗುರುತಿಲ್ಲ.

ಅರಸರ ಕೊನೆಯ ವರ್ಷಗಳು ಸುಖದವಾಗಿರಲಿಲ್ಲ. 1840ರಲ್ಲಿ ಕರ್ನಲ್ ಕಲ್ಲನ್ ರೆಸಿಡೆಂಟರಾಗಿ ಬಂದರು. ಮುಂದೆ ಇಪ್ಪತ್ತು ವರ್ಷ ಅವರೇ ಅಲ್ಲಿದ್ದರು. ಯಾರು ದಿವಾನರಾಗಬೇಕು, ಯಾವ ಅಧಿಕಾರಿ ಎಲ್ಲಿರಬೇಕು ಎಂಬ ಪ್ರತಿಯೊಂದರಲ್ಲೂ ಅವರ ಕೈ. ತಮಗೆ ಬೇಕಾದ ಕೃಷ್ಣರಾಯರನ್ನು ಆಡಳಿತದ ಮೇಲಿನ ಸ್ಥಾನಕ್ಕೆ ತರಲು ಅವರು ಪಟ್ಟುಹಿಡಿದರು. ಅರಸರು ಮದ್ರಾಸು ಸರಕಾರಕ್ಕೆ ದೂರಿಕೊಂಡರೂ ಫಲವಾಗಲಿಲ್ಲ. ಸಹಿ ಅರಸನದು, ತೀರ್ಮಾನ ರೆಸಿಡೆಂಟನದು ಎಂಬ ಸ್ಥಿತಿ. ಇತ್ತ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿಯೇ ಆಡಳಿತವನ್ನು ಕಂಪೆನಿ ಕಿತ್ತುಕೊಂಡಿತ್ತು. ಅಣ್ಣ ಚಿನ್ನಯ್ಯನನ್ನು ಪೋಷಿಸಿದ ಅರಸ, ತಮ್ಮ ವಡಿವೇಲುವನ್ನು ಪೋಷಿಸಿದ ಅರಸ, ಇಬ್ಬರಿಗೂ ರಾಜ್ಯ ಕೈಜಾರಿ ಸಂಗೀತ, ಸಾಹಿತ್ಯಗಳು ಉಳಿದವು. ಇದನ್ನು ಕಾಕತಾಳೀಯವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮನೆಯೊಳಗೂ ಸಾವುಗಳು. ಅಕ್ಕ ರುಕ್ಮಿಣೀಬಾಯಿ ಮೊದಲೇ ತೀರಿಕೊಂಡಿದ್ದರು. ಅರಸರು ಜನಸಂಪರ್ಕ ಕಡಿಮೆ ಮಾಡಿದರು, ವ್ರತ, ಪೂಜೆಗಳಲ್ಲಿ ಮುಳುಗಿದರು, ದೇಹವನ್ನು ಕಡೆಗಣಿಸಿದರು. ಪದ್ಮನಾಭಸ್ವಾಮಿ ದೇವಾಲಯದ ಪಕ್ಕದಲ್ಲಿ ಅವರು ಕಟ್ಟಿಸಿದ ಕುದಿರಮಾಳಿಗ ಅರಮನೆಯನ್ನು ಪ್ರವಾಸ ಹೋದ ಮಕ್ಕಳು ನೋಡಿರುತ್ತಾರೆ. ಮಾಡಿನ ಕೆಳಗೆ ಸಾಲಾಗಿ ಕೆತ್ತಿದ 122 ಮರದ ಕುದುರೆಗಳಿವೆ; ಆ ಅರಮನೆಯಲ್ಲಿ ಬಹುಕಾಲ ಬಾಳುವ ಯೋಗ ಕಟ್ಟಿಸಿದವರಿಗೆ ಇರಲಿಲ್ಲ. 1846ರ ಡಿಸೆಂಬರಿನಲ್ಲಿ, ಮೂವತ್ತಮೂರರ ಹರೆಯದಲ್ಲಿ ಸ್ವಾತಿ ತಿರುನಾಳರು ನಿಧನರಾದರು. ತಮ್ಮ ಉತ್ರಾಡಂ ಅಲ್ಲ, ಉತ್ರಂ ತಿರುನಾಳ್ ಮಾರ್ತಾಂಡವರ್ಮರು ಪಟ್ಟವೇರಿದರು. (ಮಕ್ಕಳು ಪರೀಕ್ಷೆಯಲ್ಲಿ ಈ ಎರಡು ಹೆಸರುಗಳನ್ನು ಅದಲುಬದಲು ಮಾಡುವುದರಿಂದ ಹೀಗೆ ಬರೆದೆ.)

ಅವರ ಹೆಸರಿನಲ್ಲಿ ಸುಮಾರು ನಾನೂರು ರಚನೆಗಳಿವೆ. ಆದರೆ ಪೋಷಕ ಹೋದ ಮೇಲೆ ಹಾಡುಗಾರರೂ ಚದುರಿದರು. ಸಾಹಿತ್ಯ ಓಲೆಗಳಲ್ಲಿ ಉಳಿಯಿತು; ಅನೇಕ ಹಾಡುಗಳ ರಾಗದ ನಡೆ ಬಾಯಿಂದ ಬಾಯಿಗೆ ದಾಟದೆ ಕಳೆದುಹೋಯಿತು. ಬರವಣಿಗೆಯಲ್ಲಿ ಉಳಿದರೂ ನಾಲಗೆಯಲ್ಲಿ ಉಳಿಯದ ಭಾಷೆಯ ಗತಿ ಏನೆಂದು ಗಡಿನಾಡಿನವರಿಗೆ ವಿವರಿಸಬೇಕಾಗಿಲ್ಲ. ಸುಮಾರು ನೂರು ವರ್ಷಗಳ ಬಳಿಕ ಈ ರಚನೆಗಳನ್ನು ಮತ್ತೆ ಕಚೇರಿಗೆ ತರುವ ದೊಡ್ಡ ಪ್ರಯತ್ನ ನಡೆಯಿತು. ಅದಕ್ಕಾಗಿ ತಿರುವಾಂಕೂರು ಕರೆಸಿಕೊಂಡದ್ದು ಹರಿಕೇಶನಲ್ಲೂರು ಮುತ್ತಯ್ಯ ಭಾಗವತರನ್ನು. ಹುಟ್ಟಿನಿಂದ ತಮಿಳರಾದ ಇವರು ಮೈಸೂರಿನ ಆಸ್ಥಾನ ವಿದ್ವಾಂಸರಾಗಿ, ನಾಲ್ವಡಿ ಕೃಷ್ಣರಾಜ ಒಡೆಯರ ಇಚ್ಛೆಯಂತೆ ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ 108 ಕೃತಿಗಳನ್ನು ರಚಿಸಿದವರು. ತಿರುವನಂತಪುರದಲ್ಲಿ 1939ರಲ್ಲಿ ಸಂಗೀತ ಅಕಾಡೆಮಿ ಆರಂಭವಾದಾಗ ಮುಖ್ಯಸ್ಥರಾದರು. ಅವರ ಬಳಿಕ ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಆ ಕೆಲಸವನ್ನು ಮುಂದುವರಿಸಿದರು. ರಾಗ ತಿಳಿಯದ ಸಾಹಿತ್ಯಕ್ಕೆ ಇಬ್ಬರೂ ಹೊಸದಾಗಿ ಸ್ವರ ಹಾಕಿದರು. ಆದ್ದರಿಂದ ಇಂದು ನಾವು ಸ್ವಾತಿ ತಿರುನಾಳರ ಹಾಡೆಂದು ಕೇಳುವುದರಲ್ಲಿ ಎಷ್ಟು ಅರಸರದು, ಎಷ್ಟು ನಂತರದವರದು ಎಂಬ ಪ್ರಶ್ನೆ ಎದ್ದಿತು. ವೀಣೆ ಬಾಲಚಂದರ್ 1980ರ ದಶಕದಲ್ಲಿ ಇನ್ನೂ ಮುಂದೆ ಹೋಗಿ, ಅರಸರು ವಾಗ್ಗೇಯಕಾರರೇ ಅಲ್ಲವೆಂದು ವಾದ ಹೂಡಿದರು. ವಿದ್ವಾಂಸರಲ್ಲಿ ಹೆಚ್ಚಿನವರು ಅದನ್ನು ಒಪ್ಪಲಿಲ್ಲ. ಸ್ವರ ಬದಲಾಗಿದೆ ಎಂಬ ಮಾತ್ರಕ್ಕೆ ಸಾಹಿತ್ಯ ಬರೆದವರನ್ನು ಅಳಿಸುವುದು ನ್ಯಾಯವಲ್ಲವೆಂದು ನನಗೂ ತೋರುತ್ತದೆ.

ಅವರು ನವರಾತ್ರಿಗಾಗಿ ರಚಿಸಿದ ಒಂಬತ್ತು ಕೃತಿಗಳನ್ನು ತಿರುವನಂತಪುರ ಕೋಟೆಯೊಳಗಿನ ನವರಾತ್ರಿ ಮಂಟಪದಲ್ಲಿ ಈಗಲೂ ವರ್ಷಂಪ್ರತಿ ಹಾಡುತ್ತಾರೆ. ಮೊದಲ ದಿನ ಶಂಕರಾಭರಣ, ಒಂಬತ್ತನೆಯ ದಿನ ಆರಭಿ. ಆ ಮಂಟಪದಲ್ಲಿ ಹೆಂಗಸರು ಹಾಡುವಂತಿರಲಿಲ್ಲ. 2006ರಲ್ಲಿ ಪಾರಶ್ಶಾಲ ಪೊನ್ನಮ್ಮಾಳ್ ಹಾಡಿ ಆ ಕಟ್ಟಳೆಯನ್ನು ಕೊನೆಗೊಳಿಸಿದರು. ಕಚೇರಿ ನಡೆಯುವುದು ಸರಸ್ವತಿಯ ಮುಂದೆ. ಆ ಸರಸ್ವತಿ ತಿರುವನಂತಪುರದವಳಲ್ಲ, ತಿರುವಾಂಕೂರಿನ ಹಳೆಯ ರಾಜಧಾನಿ ಪದ್ಮನಾಭಪುರದವಳು. 1956ರ ನವೆಂಬರ್ 1ರಂದು, ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ಅದೇ ದಿನ, ಪದ್ಮನಾಭಪುರವಿರುವ ಕನ್ಯಾಕುಮಾರಿಯ ಸೀಮೆ ಮದ್ರಾಸು ರಾಜ್ಯಕ್ಕೆ ಸೇರಿತು. ಅರಮನೆಯ ಉಸ್ತುವಾರಿ ಕೇರಳದ್ದು, ಅದು ನಿಂತ ನೆಲ ತಮಿಳುನಾಡಿನದು. ಆದರೂ ಪ್ರತಿವರ್ಷ ನವರಾತ್ರಿಗೆ ಮುನ್ನ ಅಲ್ಲಿಂದ ಸರಸ್ವತಿ ಮೆರವಣಿಗೆಯಲ್ಲಿ ಹೊರಡುತ್ತಾಳೆ. ಕಳಿಯಿಕ್ಕಾವಿಳೆಯಲ್ಲಿ ರಾಜ್ಯದ ಗಡಿ ದಾಟುವಾಗ ಎರಡೂ ಕಡೆಯವರು ಗೌರವದಿಂದ ದಾರಿ ಬಿಡುತ್ತಾರೆ. ಒಂಬತ್ತು ಸಂಜೆ ಹಾಡು ಕೇಳಿಸಿಕೊಂಡು, ಅದೇ ದಾರಿಯಲ್ಲಿ ಹಿಂದಿರುಗುತ್ತಾಳೆ.